ಲಗ್ ತಗೊಳ್ಳುವ ಮುಂಚೆ ಗುರುತು ಓದಿ

ಎಲ್ಲರಿಗೂ ನಮಸ್ಕಾರ. ಲಗ್ (ಕೇಬಲ್ ತುದಿಗೆ ಒತ್ತಿ ಕೂರಿಸಿ ಬೋಲ್ಟ್‌ಗೆ ಬಿಗಿಯುವ ಲೋಹದ ತುಂಡು) ಫೋಟೊ ಹಾಕಿ ‘ಇದು ಆಗುತ್ತಾ?’ ಅಂತ ಕೇಳುವವರು ಈಚೆಗೆ ಜಾಸ್ತಿ. ಉತ್ತರ ಎಷ್ಟೋ ಸಲ ಲಗ್ ಮೇಲೇ ಇರುತ್ತದೆ.

25-8 ಅಂತ ಒತ್ತಿದ್ದರೆ 25 ಸ್ಕ್ವೇರ್ ಎಂಎಂ ಕೇಬಲ್, 8 ಎಂಎಂ ಬೋಲ್ಟ್. ತಾಮ್ರದ ಲಗ್ ಜರ್ಮನಿಯ ಡಿನ್ 46235 ಮಾನದಂಡದ ಪ್ರಕಾರದ್ದಾದರೆ ಇನ್ನೊಂದು ಅಂಕಿಯೂ ಇರುತ್ತದೆ. 25 ಸ್ಕ್ವೇರ್‌ಗೆ ಅದು 10. ಇದು ಡೈ (ಲಗ್ಗನ್ನು ಒತ್ತುವ ಅಚ್ಚು) ನಂಬರ್. ನಿಮ್ಮ ಟೂಲ್‌ನ ಡೈ ಮೇಲೂ ಅದೇ 10 ಇರಬೇಕು. ಕೊಳವೆ ಮೇಲಿನ ಗೆರೆಗಳು ಚಂದಕ್ಕಲ್ಲ, ಎಲ್ಲೆಲ್ಲಿ ಒತ್ತಬೇಕು ಅನ್ನೋದಕ್ಕೆ. ಸುತ್ತಿಗೆಯಲ್ಲಿ ಬಡಿಯೋದು, ತೂರಲಿಲ್ಲ ಅಂತ ನಾಲ್ಕು ಎಳೆ ಕತ್ತರಿಸೋದು ದಯವಿಟ್ಟು ಬೇಡ. ಲೋಡ್ ಬಿದ್ದಾಗ ಬಿಸಿಯಾಗೋದು ಆ ಜಾಗವೇ.

ಅಲ್ಯೂಮಿನಿಯಂ ಕೇಬಲ್‌ಗೆ ಅಲ್ಯೂಮಿನಿಯಂ ಲಗ್ಗೇ ಹಾಕಿ. ನಮ್ಮಲ್ಲಿ ಅದಕ್ಕೆ ಐಎಸ್ 8309 ಅನ್ನೋ ಭಾರತೀಯ ಮಾನದಂಡ ಇದೆ. ಆ ಕೇಬಲ್ ತಾಮ್ರದ ಬಸ್‌ಬಾರ್‌ಗೆ (ಪ್ಯಾನೆಲ್ ಒಳಗೆ ಕರೆಂಟ್ ಹಂಚುವ ಪಟ್ಟಿ) ಸೇರುವುದಾದರೆ ಬೈಮೆಟಲ್ ಲಗ್ (ಕೇಬಲ್ ಕಡೆ ಅಲ್ಯೂಮಿನಿಯಂ, ಬೋಲ್ಟ್ ಕಡೆ ತಾಮ್ರ) ಕೇಳಿ. ಎರಡು ಲೋಹ ನೇರ ತಾಗಿ, ಮೇಲೆ ತೇವ ಬಿದ್ದರೆ ಅಲ್ಯೂಮಿನಿಯಂ ತಿಂದು ಹೋಗುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಬೇಸ್‌ಮೆಂಟ್ ಪ್ಯಾನೆಲ್‌ಗಳ ಕಥೆ ಗೊತ್ತಲ್ವಾ!

ಪ್ಲಾಸ್ಟಿಕ್ ತೋಳಿನ ಸಣ್ಣ ರಿಂಗ್ ಟರ್ಮಿನಲ್‌ಗಳಲ್ಲಿ ಸಾಮಾನ್ಯವಾಗಿ ಕೆಂಪು 1.5ರವರೆಗೆ, ನೀಲಿ 2.5ರವರೆಗೆ, ಹಳದಿ 4ರಿಂದ 6 ಸ್ಕ್ವೇರ್‌ಗೆ.

ಬೆಂಗಳೂರಿನ ಎಸ್.ಪಿ. ರೋಡ್ ಅಂಗಡಿಗಳ ಕಡೆ ಹೋದಾಗ ಏನೂ ಒತ್ತಿರದ, ತೆಳ್ಳಗಿನ ಲಗ್ಗನ್ನು ‘ಎಲ್ಲ ಒಂದೇ ಸಾರ್’ ಅಂತ ಕೊಟ್ಟರೆ ಸುಮ್ನೆ ವಾಪಸ್ ಇಡಿ. ಇನ್ನು ಮುಂದೆ ಇಲ್ಲಿ ಫೋಟೊ ಹಾಕುವಾಗ ಗುರುತು ಕಾಣಲಿ, ಕೇಬಲ್ ಸೈಜ್, ತಾಮ್ರವೋ ಅಲ್ಯೂಮಿನಿಯಮ್ಮೋ ಅನ್ನೋದನ್ನೂ ಬರೆಯಿರಿ.