ಟೇಪ್ ಕೊಡದ ಅಪ್ಪನ ಪತ್ರ

ಪುಟ್ಟಿ,

ನೀನು ಹೊರಡುವ ಹಿಂದಿನ ರಾತ್ರಿ ಏನಾಯಿತು ಅಂತ ಇಲ್ಲಿ ಬರೆಯಲ್ಲ. ನಿನಗೂ ನೆನಪಿದೆ, ನನಗೂ ಇದೆ. ಪಕ್ಕದ ಕೋಣೆಯಲ್ಲಿ ಮಲಗಿದ ಹಾಗೆ ನಟಿಸುತ್ತಿದ್ದ ಅಮ್ಮನಿಗಂತೂ ಒಂದೊಂದು ಮಾತೂ ನೆನಪಿದೆ. ನಿನ್ನ ಬ್ಯಾಗಿನಿಂದ ನನ್ನ ಅಳತೆ ಟೇಪನ್ನು ವಾಪಸ್ ತೆಗೆದುಕೊಂಡೆ. ತೆಗೆದುಕೊಂಡ ರೀತಿಗೆ ಬೇಜಾರಿದೆ. ತೆಗೆದುಕೊಂಡಿದ್ದಕ್ಕೆ ಇಲ್ಲ. ಇದನ್ನು ಬಾಯಲ್ಲಿ ಹೇಳಲು ಹೋದರೆ ಮತ್ತೆ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಏನು ಅಂದುಕೊಂಡೆ ಅಂತ ಗೊತ್ತು. ಮಗಳು ಮರಗೆಲಸ ಕಲಿಯೋದು ಅಪ್ಪನಿಗೆ ಇಷ್ಟ ಇಲ್ಲ, ಆ ಸಿಟ್ಟನ್ನು ಟೇಪಿನ ಮೇಲೆ ತೀರಿಸಿಕೊಂಡರು ಅಂತ, ಅಲ್ವಾ? ನೀನು ವರ್ಕ್‌ಶಾಪ್ ಸೇರಿದ ವಿಷಯ ಯಾರು ಯಾರಿಗೆ ಹೇಳಿದ್ದೇನೆ ಅಂತ ಅಮ್ಮನನ್ನೇ ಕೇಳು. ಕೇಳದವರಿಗೂ ಹೇಳಿದ್ದೇನೆ.

ಆ ಟೇಪ್ ನನಗೊಬ್ಬನಿಗೇ ಸರಿ. ಅದರ ತುದಿಯ ಕೊಕ್ಕೆ ಬಾಗಿದೆ, ರಿವೆಟ್ ಕೂತಿರುವ ತೂತು ಸವೆದಿದೆ. ಹಾಗಾಗಿ ನಾನು ಕೊಕ್ಕೆಯನ್ನು ನಂಬುವುದೇ ಇಲ್ಲ. 10 ಸೆಂ.ಮೀ. ಗೆರೆಯನ್ನು ಹಲಗೆಯ ಅಂಚಿಗೆ ಹಿಡಿದು ಅಳೆಯುತ್ತೇನೆ, ಬಂದದ್ದರಲ್ಲಿ 10 ಕಳೆಯುತ್ತೇನೆ. ನೀನು ಎಲ್ಲರ ಹಾಗೆ ಕೊಕ್ಕೆ ಸಿಕ್ಕಿಸಿ ಎಳೆಯುತ್ತೀಯ. ಆ ಟೇಪ್ ಮೊದಲ ದಿನವೇ ನಿನಗೆ ಸುಳ್ಳು ಹೇಳುತ್ತಿತ್ತು, ಬೈಗುಳ ನಿನಗೆ ಬೀಳುತ್ತಿತ್ತು.

ನಿನಗೆ ಬೇಕಾದದ್ದು ಹೊಸ ಟೇಪ್. ಅದರ ಕೊಕ್ಕೆ ಅಲ್ಲಾಡಿದರೆ ಕಳಪೆ ಅಂತ ವಾಪಸ್ ಕೊಡಬೇಡ. ಅದು ಅಲ್ಲಾಡಲೇಬೇಕು, ತನ್ನ ದಪ್ಪ ಎಷ್ಟೋ ಅಷ್ಟೇ. ಅಂಚಿಗೆ ಸಿಕ್ಕಿಸಿ ಎಳೆದಾಗ ಕೊಕ್ಕೆ ಮುಂದೆ ಸರಿಯುತ್ತದೆ, ಅಳತೆ ಅದರ ಒಳಮೈಯಿಂದ ಶುರು. ಡಬ್ಬದ ಒಳಗೆ ಅಳೆಯಲು ಒತ್ತಿದಾಗ ಹಿಂದೆ ಸರಿಯುತ್ತದೆ, ಅಳತೆ ಹೊರಮೈಯಿಂದ ಶುರು. ಎಳೆದರೂ ಒತ್ತಿದರೂ ಸೊನ್ನೆ ಸೊನ್ನೆಯಾಗಿಯೇ ಇರಲಿ ಅಂತ ಈ ಆಟ. ಪರೀಕ್ಷೆ ಮಾಡೋದು ಸುಲಭ. ಒಂದು ಒಳ್ಳೆಯ ಸ್ಟೀಲ್ ಸ್ಕೇಲಿನ ತುದಿಗೆ ಕೊಕ್ಕೆ ಸಿಕ್ಕಿಸಿ ಎಳೆದು, 30 ಸೆಂ.ಮೀ. ಹತ್ತಿರ ಎರಡರ ಗೆರೆಯೂ ಕೂಡುತ್ತದಾ ನೋಡು. ಆಮೇಲೆ ಸ್ಕೇಲು, ಟೇಪು ಎರಡರ ತುದಿಯನ್ನೂ ಗೋಡೆಗೆ ಒತ್ತಿ ಮತ್ತೆ ನೋಡು. ಎರಡು ಸಲವೂ ಕೂಡಿದರೆ ಕೊಕ್ಕೆ ಒಳ್ಳೆಯದು.

ನಿನಗೆ ಹೇಳದ ಒಂದು ವಿಷಯ ಇದೆ. ನಾನು ಹಿಂದೆ ಇದ್ದ ಒಂದು ವರ್ಕ್‌ಶಾಪಿನಲ್ಲಿ ಉದ್ದನೆಯ ಬೀರು ಮಾಡುತ್ತಿದ್ದೆವು. ಬಾಗಿಲುಗಳು ಚೌಕಟ್ಟಿನ ಒಳಗೆ ಕೂರುವಂಥವು. ಮೇಸ್ತ್ರಿ ತಮ್ಮ ಟೇಪಿನಲ್ಲಿ ಚೌಕಟ್ಟು ಅಳೆದು ಅಲ್ಲಿಂದಲೇ ಕೂಗಿದರು. ಕಲಿಯೋಕೆ ಬಂದಿದ್ದ ಹುಡುಗ ಇನ್ನೊಂದು ಮೇಜಿನ ಹತ್ತಿರ ತನ್ನ ಟೇಪಿನಲ್ಲಿ ಗುರುತು ಹಾಕಿ ಕೊಯ್ದ. ಕೂರಿಸಿ ನೋಡಿದರೆ ಎಲ್ಲ ಬಾಗಿಲೂ 2 ಮಿ.ಮೀ. ಗಿಡ್ಡ. ಅಂಥ ಬಾಗಿಲಿನಲ್ಲಿ 2 ಮಿ.ಮೀ. ಅಂದರೆ ಬಾಗಿಲ ಹತ್ತಿರ ಹೋಗೋದೇ ಬೇಡ, ನಿಂತಲ್ಲಿಂದಲೇ ಕಾಣುತ್ತದೆ. ಬೈಗುಳ ಹುಡುಗನಿಗೆ. ಅವನು ತುಟಿ ಬಿಚ್ಚಲಿಲ್ಲ. ಆಮೇಲೆ ಯಾರೋ ಎರಡೂ ಟೇಪನ್ನು ಪಕ್ಕಪಕ್ಕ ಹಿಡಿದರು. ಮೇಸ್ತ್ರಿಯ ಟೇಪಿನ ಕೊಕ್ಕೆ ಹೊರಕ್ಕೆ ಬಾಗಿತ್ತು, ಒಳ ಅಳತೆಯನ್ನು ಕಮ್ಮಿ ತೋರಿಸುತ್ತಿತ್ತು.

ಹುಡುಗನ ಟೇಪ್ ಸರಿ ಇತ್ತು ಪುಟ್ಟಿ. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ ಅಂತ ನಾನು ಈಗಲೂ ಯೋಚನೆ ಮಾಡುತ್ತೇನೆ. ಗೊತ್ತಿದ್ದೂ ಸುಮ್ಮನಿದ್ದನಾ? ಅಥವಾ ಅಷ್ಟು ಜನ ತಪ್ಪು ನಿನ್ನದು ಅಂದಾಗ ತನ್ನ ಟೇಪಿನ ಮೇಲೆ ಅವನಿಗೇ ಅನುಮಾನ ಬಂತಾ? ಟೇಪನ್ನು ಜೇಬಿಗೆ ಹಾಕೋನು, ತೆಗೆದು ನೋಡೋನು, ಮತ್ತೆ ಹಾಕೋನು. ನೀನು ಬ್ಯಾಗ್ ಕಟ್ಟುತ್ತಿದ್ದಾಗ ನನ್ನ ಕಣ್ಣ ಮುಂದೆ ಅವನೇ ಬಂದ. ನೀನು ಅಲ್ಲಿಗೆ ಹೊಸಬಳು. ಜೊತೆಗೆ ಹುಡುಗಿ. ನನ್ನ ಹಳೇ ಟೇಪ್ ಕೈಯಲ್ಲಿದ್ದು ನಿನ್ನ ಅಳತೆ ತಪ್ಪಿದರೆ, ನಿನ್ನ ಪರವಾಗಿ ಹೇಳಲು ಒಂದು ಮಾತೂ ಇರುತ್ತಿರಲಿಲ್ಲ. ಅದನ್ನು ನಾನೇ ಕೊಟ್ಟು ಕಳಿಸಬೇಕಿತ್ತಾ? ನೋಡು, ಮತ್ತೆ ಸಿಟ್ಟಿನ ದನಿಯೇ ಬಂತು. ಇರಲಿ, ಬರೆದದ್ದನ್ನು ಹೊಡೆದು ಹಾಕಲ್ಲ.

ಕೊಕ್ಕೆ ಸರಿ ಇದ್ದರೂ ಎರಡು ಟೇಪ್ ಒಂದೇ ಮಾತು ಹೇಳಲ್ಲ. ಪಟ್ಟಿಯ ಶುರುವಿನಲ್ಲಿ ಸಣ್ಣ ಅಂಡಾಕಾರದ ಗುರುತಿನೊಳಗೆ ರೋಮನ್ ಅಂಕಿ ಇರುತ್ತದೆ. ಅದು ಯುರೋಪಿನ ನಿಯಮದ ದರ್ಜೆ. ಮೊದಲ ದರ್ಜೆಯ ಟೇಪ್ 2 ಮೀಟರಿಗೆ 0.3 ಮಿ.ಮೀ. ಆಚೀಚೆ ಇರಬಹುದು, ಎರಡನೇ ದರ್ಜೆ 0.7, ಮೂರನೇ ದರ್ಜೆ 1.4. ಲೆಕ್ಕ ಹಾಕು: ಎರಡನೇ ದರ್ಜೆಯ ಎರಡು ಟೇಪ್, ಒಂದು ಜಾಸ್ತಿ ಕಡೆಗೆ, ಒಂದು ಕಮ್ಮಿ ಕಡೆಗೆ ವಾಲಿದರೆ 1.4 ಮಿ.ಮೀ. ಅಂತರ. ಎರಡೂ ನಿಯಮದ ಒಳಗೇ ಇವೆ! ಅದಕ್ಕೇ ಒಂದು ಕೆಲಸ ಶುರು ಮಾಡಿದರೆ ಮುಗಿಯುವ ತನಕ ಒಂದೇ ಟೇಪ್. ಯಾರಾದರೂ ಅಳತೆ ಕೂಗಿದರೆ, ದೊಡ್ಡವರೇ ಆಗಲಿ, "ಒಂದು ಸಲ ನಾನೂ ನನ್ನ ಟೇಪಿನಲ್ಲಿ ಅಳೆದುಕೊಳ್ತೀನಿ ಸರ್" ಅನ್ನು. ನಗುತ್ತಾ ಅನ್ನು, ಆದರೆ ಅನ್ನು. ಸಿಕ್ಕರೆ ಮೊದಲ ದರ್ಜೆಯದೇ ತಗೋ. ಎರಡನೆಯದಾದರೂ ಅಳಬೇಕಾಗಿಲ್ಲ. ಆ ರೋಮನ್ ಅಂಕಿಯೇ ಇಲ್ಲದ ಟೇಪ್ ಮಾತ್ರ ಬೇಡ.

ಉದ್ದ 5 ಮೀಟರ್ ಸಾಕು. ಬೆಂಚಿನ ಕೆಲಸಕ್ಕೆ 3 ಮೀಟರಿನದು ಇನ್ನೂ ಹಗುರ, ನನಗೆ ಅದೇ ಇಷ್ಟ. 8 ಮೀಟರಿನದು ಮನೆ ಕಟ್ಟುವವರಿಗೆ. ಪಟ್ಟಿಯ ಅಗಲ 25 ಮಿ.ಮೀ. ಇದ್ದರೆ ಗಾಳಿಯಲ್ಲಿ ಬಗ್ಗದೆ ದೂರ ಚಾಚುತ್ತದೆ, ನಿಜ. ಆದರೆ ಅಗಲದ ಪಟ್ಟಿ ನಡುವೆ ಜಾಸ್ತಿ ಬಾಗಿರುವುದರಿಂದ ಅಂಚು ಹಲಗೆಯಿಂದ ಮೇಲೆದ್ದು ನಿಲ್ಲುತ್ತದೆ. ಗೆರೆ ಒಂದು ಕಡೆ, ಮರ ಒಂದು ಕಡೆ. ಓರೆಯಾಗಿ ನೋಡಿದೆಯೋ, ಅಳತೆ ಹೋಯಿತು. 16 ಮಿ.ಮೀ. ಅಗಲದ್ದು ಮರದ ಮೇಲೆ ತಗ್ಗಾಗಿ ಕೂರುತ್ತದೆ. ಯಾವುದೇ ಆದರೂ ಪಟ್ಟಿಯನ್ನು ಸ್ವಲ್ಪ ಓರೆ ಮಾಡಿ ಅಂಚನ್ನು ಮರಕ್ಕೆ ತಾಗಿಸಿ ಗುರುತು ಹಾಕು.

ನೀನು ಎಡಗೈಯವಳು ಅನ್ನೋದು ಇಲ್ಲಿ ಮುಖ್ಯ. ಮಾಮೂಲಿ ಟೇಪ್ ಬಲಗೈಯವರಿಗಾಗಿ ಮಾಡಿದ್ದು. ಕೊಕ್ಕೆ ಎಡಕ್ಕೆ, ಟೇಪಿನ ಡಬ್ಬಿ ಬಲಗೈಯಲ್ಲಿ ಇದ್ದರೆ ಅಂಕಿ ನೆಟ್ಟಗೆ. ನೀನು ಕೊಕ್ಕೆಯನ್ನು ಬಲಕ್ಕೆ ಸಿಕ್ಕಿಸಿ ಡಬ್ಬಿಯನ್ನು ಎಡಗೈಯಲ್ಲಿ ಎಳೆದರೆ ಅಂಕಿಗಳೆಲ್ಲ ತಲೆಕೆಳಗು. 61 ನಿನಗೆ 19 ಆಗಿ ಕಾಣುತ್ತದೆ, 68 ಅನ್ನೋದು 89. ಸುಸ್ತಾದ ಹೊತ್ತಿನಲ್ಲಿ ಇದು ಆಗಿಯೇ ಆಗುತ್ತದೆ. ಎಡಗೈಯವರಿಗೇ ಅಂತ ಟೇಪ್ ಇವೆ, ಎರಡು ಅಂಚಿಗೂ ಎದುರುಬದುರಾಗಿ ಅಂಕಿ ಹಾಕಿದವೂ ಇವೆ. ಅಂಥದ್ದನ್ನು ಹುಡುಕು. ನಾಚಿಕೊಂಡು ಎಲ್ಲರ ಹಾಗೆ ಇರಲಿ ಅಂತ ಮಾಮೂಲಿದನ್ನು ತರಬೇಡ. ಮೇಲಿನ ಅಂಚಿಗೆ ಇಂಚು, ಕೆಳಗಿನ ಅಂಚಿಗೆ ಸೆಂಟಿಮೀಟರ್ ಇರುವುದೂ ಬೇಡ. ಬರೀ ಮಿ.ಮೀ. ಸಾಕು. ನಡುವೆ ಇಂಚಿಗೆ ಹಾರಿ 25.4ರಿಂದ ಗುಣಿಸುವ ಕಷ್ಟ ಯಾಕೆ?

ಲಾಕನ್ನು ಬೆರಳಿನಿಂದ ಒತ್ತಿ ನೋಡು. ಪಟ್ಟಿ ಜಾರದೆ ನಿಲ್ಲಬೇಕು. (ಸ್ಪ್ರಿಂಗ್ ಟೇಪನ್ನು ಬೇಕಾದ ಕಡೆ ತಡೆದು ನಿಲ್ಲಿಸುವ ಉಪಾಯಕ್ಕೆ ಅಮೆರಿಕದ ಆಲ್ವಿನ್ ಫೆಲೋಸ್ 1868ರಲ್ಲೇ ಪೇಟೆಂಟ್ ಪಡೆದಿದ್ದ. ಇಷ್ಟು ವರ್ಷವಾದರೂ ನೆಟ್ಟಗೆ ಲಾಕ್ ಆಗದ ಟೇಪ್ ಮಾಡುತ್ತಾರಲ್ಲ, ಅದು ನನಗೆ ಅರ್ಥವಾಗದ ವಿಷಯ.) ಅಳೆದ ಮೇಲೆ ಪಟಾರ್ ಅಂತ ಬಿಡಬೇಡ, ಬೆರಳು ಕೊಟ್ಟು ನಿಧಾನವಾಗಿ ಒಳಗೆ ಬಿಡು. ಕೊಕ್ಕೆ ಹಾಳಾಗುವುದು ಹೆಚ್ಚಾಗಿ ಹಾಗೆಯೇ, ಇಲ್ಲವೇ ಕೈ ಜಾರಿ ಬಿದ್ದಾಗ.

ಇನ್ನೊಂದು. ಡ್ರಾಯರಿನಂಥ ಒಳ ಅಳತೆಗೆ ಟೇಪನ್ನು ಮೂಲೆಯಲ್ಲಿ ಬಗ್ಗಿಸಿ ಅಂದಾಜು ಮಾಡಬೇಡ. ಮರದ ಎರಡು ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಎರಡೂ ಗೋಡೆಗೆ ತಾಗುವ ತನಕ ಜಾರಿಸಿ, ಬಿಗಿಯಾಗಿ ಹಿಡಿದು ಗುರುತು ಹಾಕು. ಅಂಕಿಯ ಗೊಡವೆಯೇ ಇಲ್ಲ. ಟೇಪಿನ ಬಗ್ಗೆ ಇಷ್ಟುದ್ದ ಬರೆದವನೇ ಟೇಪ್ ಬೇಡ ಅನ್ನುತ್ತಾನಲ್ಲ ಅಂತ ನಗಬೇಡ. ಕಪಾಟಿನ ಹಲಗೆಗಳು ಎಲ್ಲ ಒಂದೇ ಉದ್ದ ಬೇಕಿದ್ದರೆ ಒಂದನ್ನು ಅಳೆದು ಕೊಯ್ದು, ಉಳಿದವಕ್ಕೆ ಅದನ್ನೇ ಇಟ್ಟು ಗುರುತು ಮಾಡು.

ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಎರಡು ಸಾಲಿನಲ್ಲಿ ಬೇಜಾರು ಮಾಡ್ಕೋಬೇಡ ಅಂತ ಬರೆದು ಮುಗಿಸು ಅಂದಿದ್ದಳು ನಿನ್ನ ಅಮ್ಮ. ಈಗ ಬಂದು ನೋಡಿ, "ಅವಳು ಓದಿ ಮುಗಿಸೋದರೊಳಗೆ ಬೀರು ಮಾಡಿರ್ತಾಳೆ" ಅಂದು ಹೋದಳು.

ಟೇಪ್ ಕೊಂಡ ಮೇಲೆ ಮೇಲೆ ಹೇಳಿದ ಎರಡೂ ಪರೀಕ್ಷೆ ಮಾಡು. ಎಳೆದಾಗ ಎಷ್ಟು ಬಂತು, ಒತ್ತಿದಾಗ ಎಷ್ಟು ಬಂತು, ಎರಡನ್ನೂ ಬರೆದು ಕಳಿಸು. ಫೋಟೋ ಬೇಡ, ಫೋಟೋದಲ್ಲಿ ಗೆರೆ ಓರೆಯಾಗಿ ಕಾಣುತ್ತದೆ. ಅಂಕಿ ಕಳಿಸು.

ಅಪ್ಪ