ಬೆಂಚು ತುಂಬ ಹೆಂಗಸರು, ಕಮಿಟಿ ತುಂಬ ಗಂಡಸರು

ಮಾನ್ಯರೇ,

ನಾನು ಗದಗಿನ ಕಡೆಯ ನರ್ಸ್. ವಯಸ್ಸು 39, ಮದುವೆ ಆಗಿಲ್ಲ. ಭಾನುವಾರ ನಮ್ಮ ಚರ್ಚಿನಲ್ಲಿ ಹೆಂಗಸರ ಕಡೆಯ ಬೆಂಚು ತುಂಬಿ, ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಬೇಕಾಗುತ್ತದೆ. ಗಂಡಸರ ಕಡೆ ವಯಸ್ಸಾದವರು, ಸಂಡೇ ಸ್ಕೂಲ್ ಹುಡುಗರು, ಅಷ್ಟೇ. ನಡುವಯಸ್ಸಿನವರು ಹೆಂಡತಿಯನ್ನು ಬೈಕಿನಲ್ಲಿ ಗೇಟಿನ ತನಕ ಬಿಟ್ಟು ಹೋಗುತ್ತಾರೆ. ಓದಿದ ಹುಡುಗರು ಬೆಂಗಳೂರು, ದುಬೈ ಸೇರಿದ್ದಾರೆ.

ಪಾದ್ರಿಗಳ ಪ್ರಸಂಗದಲ್ಲಿ, ಅಂದರೆ ಉಪದೇಶದಲ್ಲಿ, ಮಾತ್ರ ಅದೇ ಮಾತು: ನಂಬಿಕೆಯಿಲ್ಲದವರ ಜೊತೆ ಇಜ್ಜೋಡಾಗಬೇಡಿ, ಅಂದರೆ ಕ್ರೈಸ್ತರಲ್ಲದವರನ್ನು ಮದುವೆಯಾಗಬೇಡಿ. ಸರಿ, ನಂಬುವ ಹುಡುಗ ಎಲ್ಲಿದ್ದಾನೆ ತೋರಿಸಿ ಅಂದರೆ, 'ಪ್ರಾರ್ಥನೆ ಮಾಡಮ್ಮಾ' ಅನ್ನುತ್ತಾರೆ. 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಇಬ್ಬರಲ್ಲಿ ಒಬ್ಬರು ಕ್ರೈಸ್ತರಾಗಿದ್ದರೂ ಮದುವೆ ಮಾಡಿಸಬಹುದು. ನಮ್ಮ ಚರ್ಚಿನ ಸಭೆ ಒಪ್ಪುವುದಿಲ್ಲ. ಹಾಗಾಗಿ ನನ್ನ ಗೆಳತಿಯೊಬ್ಬಳು ಹೊರಗಿನ ಹುಡುಗನನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದಳು. ಮರುವಾರವೇ ಕ್ವಾಯರ್‌ನಿಂದ, ಅಂದರೆ ಚರ್ಚಿನ ಹಾಡುವ ತಂಡದಿಂದ, ಅವಳನ್ನು ತೆಗೆದರು. ಅವಳಷ್ಟು ಚೆನ್ನಾಗಿ ಆಲ್ಟೊ (ಹೆಂಗಸರ ಕೆಳದನಿ) ಹಾಡುವವರು ಇವತ್ತಿಗೂ ಸಿಕ್ಕಿಲ್ಲ, ಅದು ಬೇರೆ ಮಾತು. ಅದೇ ನಮ್ಮ ಸಭೆಯ ಹುಡುಗನೊಬ್ಬ ಹೊರಗಿನಿಂದ ಹೆಣ್ಣು ತಂದರೆ ದೀಕ್ಷಾಸ್ನಾನ ಕೊಟ್ಟು, ಸೀರೆ ಉಡಿಸಿ ಒಳಗೆ ಕರೆಯುತ್ತಾರೆ!

ಮದುವೆಯಾಗದೆ ಇರುವುದೂ ಒಳ್ಳೆಯದು ಅಂತ ಬೈಬಲಿನಲ್ಲಿ ಅಪೊಸ್ತಲ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಅದರ ಮೇಲೆ ಒಂದು ಪ್ರಸಂಗವನ್ನೂ ನಾನು ಕೇಳಿಲ್ಲ. ಕುಟುಂಬ ಭಾನುವಾರ ಇದೆ, ದಂಪತಿಗಳ ಕೂಟ ಇದೆ. ಅಲ್ಲಿ ನನ್ನಂಥವರಿಗೆ ಬಡಿಸುವ ಕೆಲಸ. ಕಾಣಿಕೆ ಎಣಿಸುವಾಗ, ಆಸ್ಪತ್ರೆಯಲ್ಲಿ ಬೆಡ್ ಬೇಕಾದಾಗ ಎಲ್ಲರಿಗೂ ನೆನಪಾಗುತ್ತೇವೆ.

ಚರ್ಚಿನ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯಲ್ಲಿ ಮಾತ್ರ ಗಂಡಸರಿಗೆ ಕೊರತೆ ಇಲ್ಲ, ಅಲ್ವಾ? ಈ ಸಲದ ಚುನಾವಣೆಗೆ ನಾನೂ ನಾಮಪತ್ರ ಕೊಟ್ಟಿದ್ದೇನೆ.

– ಒಬ್ಬ ಓದುಗಾರ್ತಿ, ಗದಗ ಜಿಲ್ಲೆ