ಲೈನ್ ಮನೆಯ ಮಕ್ಕಳಿಗೆ ಶಾಲೆಯ ದಾರಿ: ಒಂದು ದೇಣಿಗೆ ಮನವಿ

ಊರಿನ ಬಂಧುಗಳಿಗೆ, ತೋಟದ ಮಾಲೀಕರಿಗೆ, ಬೆಂಗಳೂರು, ಮುಂಬೈ, ಪರದೇಶ ಅಂತ ದೂರ ಹೋಗಿರುವ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳಿಗೆ ಮೂಡಿಗೆರೆ ಸೀಮೆಯಿಂದ ನಮ್ಮ ಶಾಲಾ ಟ್ರಸ್ಟಿನ ನಮಸ್ಕಾರ.

ಹೋದ ಡಿಸೆಂಬರಿನ ಮಾತು. ಬಿಸಿಯೂಟದ ಹೊತ್ತು. ತಟ್ಟೆಗೆ ಮೊಟ್ಟೆ ಬಿದ್ದ ಕೂಡಲೇ ಹೊಸದಾಗಿ ಸೇರಿದ್ದ ಹುಡುಗನೊಬ್ಬ ಜೋರಾಗಿ ‘ಡಿಮ್!’ ಅಂದ. ಅಸ್ಸಾಮಿನಿಂದ ಬಂದವನು, ಮನೆಮಾತು ಬಂಗಾಳಿ. ಸೇರಿ ಹನ್ನೊಂದು ದಿನವಾಗಿತ್ತು. ಅಲ್ಲಿಯವರೆಗೂ ಅವನ ದನಿ ಹೇಗಿದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದವರು ಗೊಳ್ಳೆಂದು ನಕ್ಕರು. ಅವನು ತಲೆ ತಗ್ಗಿಸಿ ತಟ್ಟೆಯನ್ನು ದೂರ ಸರಿಸಿಬಿಟ್ಟ. ನಮ್ಮ ಟೀಚರ್ ಅಲ್ಲೇ ಗೋಡೆಯ ಬೋರ್ಡಿನ ಮೇಲೆ ಎರಡು ಪದ ಬರೆದರು: ಡಿಮ್, ಮೊಟ್ಟೆ. ಎರಡನ್ನೂ ಎಲ್ಲ ಮಕ್ಕಳ ಬಾಯಲ್ಲೂ ಹೇಳಿಸಿದರು. ಮಾರನೇ ದಿನ ನಮ್ಮೂರ ಮಕ್ಕಳೇ ಅವನನ್ನು ಸುತ್ತಿಕೊಂಡು ಅನ್ನಕ್ಕೆ ಏನಂತೀರಾ, ಮೀನಿಗೆ ಏನಂತೀರಾ ಅಂತ ಕೇಳತೊಡಗಿದರು. ಅನ್ನಕ್ಕೆ ‘ಭಾತ್’ ಅಂತ ಅವನು ಹೇಳಿದಾಗ ಅವರಿಗೆ ಖುಷಿಯೋ ಖುಷಿ. ವಾಂಗಿಭಾತ್ ತಿಂದು ಬೆಳೆದವರು ಅಲ್ವಾ.

ಮಾರ್ಚ್ ಹೊತ್ತಿಗೆ ಆ ಹುಡುಗ ನಲಿ-ಕಲಿ ಕಾರ್ಡು ಹಿಡಿದು ತಾನೇ ಕನ್ನಡ ಓದುತ್ತಿದ್ದ. ಅವನು ಜಾಣ, ನಿಜ. ಆದರೆ ಅವನಿಗೆ ಸಿಕ್ಕಿದ್ದು ಎಲ್ಲರಿಗೂ ಸಿಗುತ್ತಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಕಡೆಯ ಕಾಫಿ ತೋಟಗಳನ್ನು ಬಲ್ಲವರಿಗೆ ಹೊಸದಾಗಿ ಹೇಳಬೇಕಿಲ್ಲ. ಹಿಂದೆ ಕೊಯ್ಲಿಗೆ ಘಟ್ಟದ ಕೆಳಗಿನವರು ಬರುತ್ತಿದ್ದರು, ತಮಿಳುನಾಡಿನವರು ಬರುತ್ತಿದ್ದರು. ಈಗ ಚಿಕ್ಕಮಗಳೂರು, ಕೊಡಗು, ಹಾಸನದ ಎಷ್ಟೋ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸದವರು ಇರುವ ಸಾಲು ಮನೆಗಳಲ್ಲಿ, ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡಿನ ಸಂಸಾರಗಳಿವೆ. ದಿನಗಟ್ಟಲೆ ರೈಲಿನಲ್ಲಿ ಕೂತು, ಆಮೇಲೆ ಬಸ್ಸು ಹಿಡಿದು ಬಂದವರು. ಅವರಿಲ್ಲದೆ ಹಣ್ಣು ಗಿಡದಲ್ಲೇ ಒಣಗುತ್ತದೆ. ದೇಶದ ಕಾಫಿಯಲ್ಲಿ ಹೆಚ್ಚುಕಮ್ಮಿ ನೂರಕ್ಕೆ 70 ಭಾಗ ಕರ್ನಾಟಕದ್ದು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದನ್ನು ಬಿಡಿಸುವ ಕೈಗಳಲ್ಲಿ ಇವರ ಕೈಯೂ ಇದೆ.

ಕಷ್ಟ ಇರುವುದು ಕ್ಯಾಲೆಂಡರಿನಲ್ಲಿ. ಶಾಲೆ ಶುರುವಾಗುವುದು ಮೇ ಕೊನೆಗೆ, ಜೂನಿಗೆ. ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರ್ ಆಸುಪಾಸಿಗೆ. ಅದು ಮುಗಿಯುವಾಗ ರೋಬಸ್ಟಾ, ಅದರ ಹಿಂದೆಯೇ ಕಾಳುಮೆಣಸು. ಅಂದರೆ ಈ ಮಕ್ಕಳು ಬಂದಿಳಿಯುವಾಗ ಅರ್ಧ ವರ್ಷದ ಪಾಠ ಮುಗಿದಿರುತ್ತದೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಕೆಲವರು ವಾಪಸ್ ಹೊರಟಿರುತ್ತಾರೆ. ಅಲ್ಲಿ ಹೋದರೆ ಅಲ್ಲಿಯ ಶಾಲೆಯಲ್ಲಿ ಹೆಸರು ಹೊಡೆದುಹಾಕಿರುತ್ತಾರೆ. ಎರಡು ವರ್ಷ ಹೀಗೇ ಆದರೆ ಮಗು ಶಾಲೆಯ ಆಸೆಯನ್ನೇ ಬಿಡುತ್ತದೆ. ಒಂಬತ್ತು ವರ್ಷದ ಹೆಣ್ಣುಮಗು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕಣದ ಅಂಚಿನಲ್ಲಿ ದಿನವಿಡೀ ನಿಂತಿರುತ್ತದೆ. ಅಪ್ಪ ಅಮ್ಮನಿಗೆ ಓದಿಸಲು ಇಷ್ಟವಿಲ್ಲ ಅಂತ ದಯವಿಟ್ಟು ತಿಳಿಯಬೇಡಿ. ಚಿಕ್ಕದನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲ, ಅಷ್ಟೇ.

ಕಾನೂನು ಈ ಮಕ್ಕಳ ಪರವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಯಾವ ರಾಜ್ಯದವರು ಅಂತ ಅದು ಕೇಳುವುದಿಲ್ಲ. ಹಿಂದಿನ ಶಾಲೆಯ ವರ್ಗಾವಣೆ ಪತ್ರ (ಟಿಸಿ) ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸುವ ಹಾಗಿಲ್ಲ. ಮಗುವಿನ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. ಇಷ್ಟೆಲ್ಲ ಇದ್ದರೂ ಒಂದು ಕುಟುಂಬವನ್ನು ಒಂದು ಕಡೆ ‘ಟಿಸಿ ತಂದಮೇಲೆ ಬನ್ನಿ’ ಅಂತ ವಾಪಸ್ ಕಳಿಸಿದ್ದು ನಮಗೆ ಗೊತ್ತು. ಟಿಸಿ ಇದ್ದದ್ದು ಅಸ್ಸಾಮಿನಲ್ಲಿ! ಆ ಅಪ್ಪ ಮೂರು ವಾರ ಫೋನಿನಲ್ಲಿ ಒದ್ದಾಡಿ ಸುಮ್ಮನಾದ. ಕಾಯ್ದೆಯ ಆ ಕಲಮನ್ನು ಕನ್ನಡದಲ್ಲಿ ಪ್ರಿಂಟ್ ಹಾಕಿಸಿ, ಅವರ ಜೊತೆ ನಮ್ಮವರೊಬ್ಬರು ಹೋದಾಗ ಅರ್ಧ ಗಂಟೆಯಲ್ಲಿ ಕೆಲಸವಾಯಿತು. ಜೊತೆಗೆ ಹೋಗುವವರು ಒಬ್ಬರು ಇರಬೇಕು. ನಾವು ಮಾಡುತ್ತಿರುವ ಕೆಲಸದಲ್ಲಿ ಅರ್ಧ ಇದೇ.

1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ಕೂಡ ಹೆಚ್ಚು ಮಕ್ಕಳಿರುವ ತೋಟಗಳಲ್ಲಿ ಓದಿನ ವ್ಯವಸ್ಥೆಯ ಮಾತು ಎತ್ತಿತ್ತು. ಅದು ದೊಡ್ಡ ಎಸ್ಟೇಟಿನ ಲೆಕ್ಕ. ಇಲ್ಲಿ ನಮ್ಮ ಮಕ್ಕಳು ಒಂದು ತೋಟದಲ್ಲಿ ಮೂವರು, ಇನ್ನೊಂದರಲ್ಲಿ ಇಬ್ಬರು ಅಂತ ಚದುರಿಹೋಗಿದ್ದಾರೆ. ಯಾವ ಒಬ್ಬ ಮಾಲೀಕರೂ ಒಬ್ಬರೇ ಹೊರುವ ಹೊರೆ ಅಲ್ಲ ಇದು. ಊರು ಸೇರಿಯೇ ಹೊರಬೇಕು.

ಈ ಸಲ ನಾವು ಲೆಕ್ಕ ಹಾಕಿರುವುದು 32 ಮಕ್ಕಳಿಗೆ, ನವೆಂಬರಿನಿಂದ ಏಪ್ರಿಲ್‌ವರೆಗೆ ಆರು ತಿಂಗಳು. ಲೈನ್ ಮನೆಗಳಲ್ಲೇ ಇರುವ, ಹತ್ತನೇ ತರಗತಿ ಓದಿರುವ ಇಬ್ಬರು ಹೆಣ್ಣುಮಕ್ಕಳನ್ನು ಸಹಾಯಕರಾಗಿ ತೆಗೆದುಕೊಳ್ಳುತ್ತೇವೆ. ಒಬ್ಬರಿಗೆ ಬಂಗಾಳಿ, ಇನ್ನೊಬ್ಬರಿಗೆ ಜಾರ್ಖಂಡ್ ಕಡೆಯ ಸಾದ್ರಿ ಭಾಷೆ ಬರುತ್ತದೆ. ಇಬ್ಬರೂ ನಮ್ಮ ಜೊತೆ ಕನ್ನಡ ಕಲಿಯುತ್ತಿದ್ದಾರೆ. ಮಕ್ಕಳು ಇವರನ್ನು ದೀದಿ ಅಂತಾರೆ. ಮೊದಲ ಮೂರು ತಿಂಗಳು ಬೆಳಿಗ್ಗೆ ಒಂದು ಗಂಟೆ ಮನೆಮಾತಿನಿಂದ ಕನ್ನಡಕ್ಕೆ ಪಾಠ, ಆಮೇಲೆ ದಿನವಿಡೀ ನಮ್ಮೂರ ಮಕ್ಕಳ ಜೊತೆ ಅದೇ ತರಗತಿ, ಅದೇ ಬೆಂಚು. ಬೇರೆ ಶೆಡ್ಡು, ಬೇರೆ ಶಾಲೆ ಅಂತ ಮಾಡುವುದಿಲ್ಲ. ಮಕ್ಕಳು ಭಾಷೆ ಕಲಿಯುವುದು ಮಕ್ಕಳಿಂದ, ಅದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸೊಂಟದ ಮೇಲಿನ ತಮ್ಮ ತಂಗಿಯರನ್ನು ಪಕ್ಕದ ಅಂಗನವಾಡಿಗೆ ಸೇರಿಸಿಕೊಳ್ಳಲು ಅಲ್ಲಿಯ ಕಾರ್ಯಕರ್ತೆಯವರು ಒಪ್ಪಿದ್ದಾರೆ. ಇದಕ್ಕೆ ದುಡ್ಡೇನೂ ಬೇಕಾಗಲಿಲ್ಲ, ಹೋಗಿ ಕೇಳಿದ್ದಷ್ಟೇ.

ದೊಡ್ಡ ಖರ್ಚು ಜೀಪಿನದು. ನಮ್ಮ ಸೀಮೆಯಲ್ಲಿ ಆನೆ ಕಾಟ ಎಷ್ಟಿದೆ ಅಂತ ನಿಮಗೆ ಗೊತ್ತು. ಬೆಳಿಗ್ಗೆ ಮಂಜಿನಲ್ಲಿ ಏಳೆಂಟು ವರ್ಷದ ಮಕ್ಕಳನ್ನು ತೋಟದ ರಸ್ತೆಯಲ್ಲಿ ನಡೆಸಲು ಯಾರಿಗೆ ಧೈರ್ಯ ಬರುತ್ತದೆ?

ತಿಂಗಳಿಗೆ ದೀದಿಯರಿಬ್ಬರ ಸಂಬಳ 24,000 ರೂಪಾಯಿ, ಜೀಪಿಗೆ 20,000, ಪುಸ್ತಕ, ಸ್ವೆಟರ್, ಓಡಾಟ, ಜೆರಾಕ್ಸಿಗೆ 4,000. ಒಟ್ಟು 48,000. ಆರು ತಿಂಗಳಿಗೆ 2,88,000. ಒಂದು ಮಗುವಿಗೆ ತಿಂಗಳಿಗೆ 1,500 ಆಯಿತು. ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ), ಪೇಟೆಯ ಅಂಗಡಿಯವರು, ಐದಾರು ತೋಟದ ಮಾಲೀಕರು ಸೇರಿ ಈಗಾಗಲೇ 1,10,000 ಕೊಟ್ಟಿದ್ದಾರೆ. ಇನ್ನೂ 1,78,000 ಬೇಕು. ಅದನ್ನು ನಿಮ್ಮ ಹತ್ತಿರ ಕೇಳುತ್ತಿದ್ದೇವೆ.

ಮುಂಬೈಯಲ್ಲಿರುವ ನಮ್ಮವರಿಗೆ ಒಂದು ಮಾತು. ನಿಮ್ಮ ಅಪ್ಪಂದಿರು, ದೊಡ್ಡಪ್ಪಂದಿರು ಹನ್ನೆರಡು ಹದಿಮೂರು ವರ್ಷಕ್ಕೆ ಹೋಟೆಲಿನಲ್ಲಿ ಲೋಟ ತೊಳೆಯಲು ಹೋದವರು. ಹಗಲು ದುಡಿದು, ರಾತ್ರಿ ಕನ್ನಡ ಸಂಘಗಳು ನಡೆಸುತ್ತಿದ್ದ ರಾತ್ರಿ ಶಾಲೆಗಳಲ್ಲಿ ಓದಿದವರು. ಆ ಶಾಲೆಗಳು ನಡೆದದ್ದು ಅಲ್ಲಿಯ ಕನ್ನಡಿಗರ ದೇಣಿಗೆಯಿಂದ. ಮುಂಬೈ ಮಹಾನಗರ ಪಾಲಿಕೆ ಕೂಡ ತನ್ನ ದುಡ್ಡಿನಲ್ಲಿ ಕನ್ನಡ ಮಾಧ್ಯಮದ ಶಾಲೆ ನಡೆಸಿತು. ಮರಾಠಿ ನಾಡಿನಲ್ಲಿ ಕನ್ನಡದ ಮಗುವಿಗೆ ಸಿಕ್ಕ ಆ ಆಸರೆ ಏನು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈಗ ನಮ್ಮ ಊರಿಗೇ ಮಕ್ಕಳು ಬಂದಿದ್ದಾರೆ.

‘ಬಂದು ಹೋಗುವವರಿಗೆ ಯಾಕೆ ಖರ್ಚು’ ಅಂತ ಕೆಲವರು ನಮ್ಮನ್ನು ಕೇಳಿದ್ದುಂಟು. ಕೇಳಬೇಕಾದ ಪ್ರಶ್ನೆಯೇ. ಕೆಲವು ಸಂಸಾರ ಹೋಗುತ್ತವೆ, ಕೆಲವು ಚಿಗುರು ತೆಗೆಯುವ ಕೆಲಸ, ಕಳೆ ಕೆಲಸ ಅಂತ ವರ್ಷವಿಡೀ ಇಲ್ಲೇ ಉಳಿಯುತ್ತವೆ. ಹೋಗುವ ಮಗುವಿನ ಕೈಗೆ ನಾವು ಒಂದು ಹಾಳೆ ಕೊಟ್ಟು ಕಳಿಸುತ್ತೇವೆ. ಎಷ್ಟು ದಿನ ಬಂದಿತ್ತು, ಏನು ಕಲಿಯಿತು ಅಂತ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಬರೆದು, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ. ಹೋದ ಸಲ ಒಬ್ಬ ತಾಯಿ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕಿ ಡಬ್ಬದೊಳಗೆ ಇಟ್ಟುಕೊಂಡರು. ರೈಲಿನಲ್ಲಿ ಚೀಲ ಕಳೆದರೂ ಡಬ್ಬ ಕಳೆಯುವುದಿಲ್ಲವಂತೆ.

ಎಷ್ಟು ಕೊಟ್ಟರೂ ಸರಿ. 1,500 ಕೊಟ್ಟರೆ ಒಂದು ಮಗುವಿನ ಒಂದು ತಿಂಗಳು, 9,000 ಕೊಟ್ಟರೆ ಇಡೀ ಆರು ತಿಂಗಳು. ನೂರು ರೂಪಾಯಿಗೂ ರಸೀದಿ ಕೊಡುತ್ತೇವೆ. ಚೆಕ್ಕನ್ನು ಟ್ರಸ್ಟಿನ ಹೆಸರಿಗೇ ಬರೆಯಿರಿ. 2,000 ರೂಪಾಯಿ ದಾಟಿದ ನಗದಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಹಾಗಾಗಿ ದೊಡ್ಡ ಮೊತ್ತವನ್ನು ಬ್ಯಾಂಕ್ ಮೂಲಕವೇ ಕಳಿಸಿ. ಖರ್ಚಿನ ಲೆಕ್ಕವನ್ನು ಪ್ರತಿ ತಿಂಗಳು ಶಾಲೆಯ ಬಾಗಿಲ ಪಕ್ಕದ ಬೋರ್ಡಿನಲ್ಲಿ ಹಾಕುತ್ತೇವೆ, ದೂರದವರಿಗೆ ಫೋಟೋ ಕಳಿಸುತ್ತೇವೆ. ತೋಟದ ಮಾಲೀಕರು ದುಡ್ಡಿನ ಜೊತೆ ಇನ್ನೊಂದು ಉಪಕಾರ ಮಾಡಬೇಕು: ಹೊಸ ಸಂಸಾರ ಬಂದ ದಿನವೇ ಮಕ್ಕಳೆಷ್ಟು ಅಂತ ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಕೈಲಿ ಶಾಲೆಗೆ ಹೇಳಿ ಕಳಿಸಿ.

ನವೆಂಬರ್ ಮೊದಲ ಸೋಮವಾರ ಜೀಪು ಹೊರಡಬೇಕು. ಡ್ರೈವರಿಗೆ ಅಕ್ಟೋಬರ್ ಕೊನೆಯೊಳಗೆ ಮುಂಗಡ ಕೊಡುತ್ತೇವೆ ಅಂತ ಮಾತು ಕೊಟ್ಟಿದ್ದೇವೆ. ಅಷ್ಟರೊಳಗೆ ನಿಮ್ಮ ದೇಣಿಗೆ ನಮ್ಮ ಕೈ ಸೇರಲಿ.

ಶಾಲಾ ಟ್ರಸ್ಟಿನ ಎಲ್ಲರ ಪರವಾಗಿ, ನಿಮ್ಮವರು